ಗಾರೆ ಕೆತ್ತಿದ ಮೇಲೆ

ವಿಮಾ ಕಚೇರಿಯ ಸಾಲಿನಲ್ಲಿ ದರ್ಜಿಯಮ್ಮನ ಮುಂದೆ ಒಬ್ಬರು ಮನೆ ಮಾಲೀಕರು, ಅವರ ಪಕ್ಕದಲ್ಲಿ ಮೇಸ್ತ್ರಿ ನಿಂತಿದ್ದರು.

“ಬೆಂಕಿ ಬಿದ್ದಿದ್ದಕ್ಕೆ ಈ ವಿಮೆಯವರು ಕೊಟ್ಟಿದ್ದು ಗಾರೆ ಕೆಲಸಕ್ಕೂ ಸಾಲಲ್ಲ, ಸಾಹೇಬ್ರೆ. ಕೆತ್ತಿ ನೋಡಿದ್ರೆ ಬೀಮೇ ಸೀಳಿದೆ,” ಎಂದ ಮೇಸ್ತ್ರಿ.

“ಅದಕ್ಕೇ ಅಲ್ವಾ ಮತ್ತೆ ಅರ್ಜಿ ಹಾಕ್ತಿರೋದು? ಅವರು ಬಂದು ನೋಡೋವರೆಗೂ ಕೈ ಹಚ್ಚಬೇಡ. ಮುಟ್ಟಿದ್ರೆ ಏನೂ ಕೊಡಲ್ಲ.”

“ಬರೋದು ಯಾವಾಗ?”

“ಹದಿನೈದು ದಿನ ಆಗುತ್ತಂತೆ.”

“ಅಷ್ಟು ದಿನ ತಡೆಯಲ್ಲ. ನಿನ್ನೆ ಬಿರುಕಲ್ಲಿ ಒಂದು ಬೆರಳು ಹೋಗ್ತಿತ್ತು, ಇವತ್ತು ಎರಡು. ಮೇಲಿನ ಮನೆಯವರಿಗೆ ಹೇಳಿದ್ರಾ?”

“ಹೇಳಿದ್ರೆ ಖಾಲಿ ಮಾಡ್ತಾರೆ ಕಣಯ್ಯ.”

“ಆಯಮ್ಮ ಮಗು ಮಲಗಿಸೋದೇ ಆ ಬೀಮಿನ ಮೇಲಿರೋ ಕೋಣೇಲಿ.”

ಕಿಟಕಿಯಿಂದ ಕರೆ ಬಂತು. ಇಬ್ಬರೂ ಮುಂದೆ ಹೋದರು. ಆ ತಾಯಿಗೆ ತಾನೇ ಹೇಳೋಣವೆಂದು ‘ಯಾವ ಬೀದಿ ಅಣ್ಣಾ’ ಎಂದು ಕೇಳಬೇಕೆಂದಿದ್ದ ದರ್ಜಿಯಮ್ಮ, ಕೇಳದೆ ಅವರು ಬಿಟ್ಟ ಜಾಗಕ್ಕೆ ಒಂದು ಹೆಜ್ಜೆ ಸರಿದಳು.