ಹಸಿವಿ ಗೊತ್ತಿಲ್ಲದ ಕೂಸು

ಅಲ್ಲ, ಜ್ವರ ಬಂದು ಉಣ್ಣಲಾರದ್ದು ಬ್ಯಾರೆ, ಸಿಟ್ಟಿಗೆದ್ದು ಉಣ್ಣಲಾರದ್ದು ಬ್ಯಾರೆ, ನಿಮ್ಮ ಶಿವು ಕಾಕಾಂದು ಅವೆರಡೂ ಅಲ್ಲ. ಶಿವು ಅಂದ್ರ ನಿಮ್ಮಪ್ಪನ ಬೆನ್ನಿಗೆ ಹುಟ್ಟಿದಾಂವ, ನನ್ನ ಎರಡನೇ ಮಗ, ನೀವು ಯಾರೂ ನೋಡಿಲ್ಲ ಅಂವನ್ನ. ಅಂವಗ ಹಸಿವೀನ ಆಗ್ತಿದ್ದಿಲ್ಲ. ಹಂಗೂ ಇರತೈತೇನಜ್ಜಿ ಅಂತ ಕಣ್ಣು ಬಿಡಬ್ಯಾಡ್ರಿ, ನಾನೂ ಹಂಗ ಕೇಳಿದ್ದೆ ಡಾಕ್ಟರಮ್ಮಗ. "ಉಂಟುಂದಮ್ಮಾ" ಅಂದ್ಳಾಕಿ ತೆಲುಗಿನ್ಯಾಗ, ಇರತೈತಮ್ಮಾ ಅಂತ, ಭಾಳ ತಣ್ಣಗ. ಮೈ ಬೆಳ್ಯಾಂಗಿಲ್ಲ, ಹೊಟ್ಟಿ ಖಾಲಿ ಆದ್ರೂ ತಲಿಗೆ ಗೊತ್ತಾಗಂಗಿಲ್ಲ, ನುಂಗಾಕೂ ಸರಿಯಾಗಿ ಬರಂಗಿಲ್ಲ, ಹುಟ್ಟೂತ್ಲೇನ ಬಂದದ್ದು ಅಂದ್ಳು. ಆ ರೋಗದ್ದು ಹೆಸರು ಉದ್ದಂದು, ನಿಮ್ಮ ಅಜ್ಜಗ ಬಾಯಿಪಾಠ ಆಗಿತ್ತು, ನಾ ಕಲೀಲೇ ಇಲ್ಲ. ಔಷಧ ಇಲ್ಲ ಅಂದ ಮ್ಯಾಲೆ ಹೆಸರು ಕಲ್ತು ಏನ ಮಾಡೋದೈತಿ.

ಆವಾಗ ನಾವು ತೆಲುಗು ನಾಡಿನ್ಯಾಗ, ಜೀಡಿಮೆಟ್ಲಾದಾಗಿದ್ವಿ, ನಿಮ್ಮ ಅಜ್ಜಗ ಅಲ್ಲೇ ಔಷಧ ಫ್ಯಾಕ್ಟರಿಯಾಗ ನೌಕರಿ. ಊರಿಗೆಲ್ಲಾ ಗುಳಿಗಿ ಮಾಡಿ ಕಳಿಸ್ತಾರ, ನನ್ನ ಕೂಸಿಗೆ ಒಂದು ಗುಳಿಗಿ ಇಲ್ಲೇನ್ರಿ ಅಂತ ಜಗಳ ತೆಗೀತಿದ್ದೆ, ಪಾಪ, ಅವರೇನು ಮಾಡ್ಯಾರು, ಪ್ಯಾಕಿಂಗನ್ಯಾಗಿದ್ರು. ದವಾಖಾನಿಗೆ ಅಂತ ಬಸ್ಸು ಹತ್ತಿ ನಾಂಪಲ್ಲಿ ಕಡೆ ಹೋಗಬೇಕು, ಬಸ್ಸಿನ್ಯಾಗ ಬಾಜೂಕ ಕೂತಾಕಿ "ಎನ್ನಿ ನೆಲಲಮ್ಮಾ?" ಅಂತ ಕೇಳಾಕಿ, ಕೂಸಿಗೆ ಎಷ್ಟು ತಿಂಗಳಾತು ಅಂತ. ಎಷ್ಟು ತಿಂಗಳಂತ ಹೇಳ್ಲಿ? ಅಂವ ಮಾತು ಕಲ್ತಾಂವ, ಕಿಡಕ್ಯಾಗ ನೋಡಿ ಲಾರಿ ಬಂತು ಅನ್ನಾಂವ. ನಾ ಬಾಯಿಗೆ ಬಂದಷ್ಟು ತಿಂಗಳ ಹೇಳಿ ಬಿಡ್ತಿದ್ದೆ, ಆಮ್ಯಾಲೆ ಅಂವ ಮಾತಾಡಿಗೀಡ್ಯಾನಂತ ಬಾಯಿ ಮ್ಯಾಲೆ ಸೆರಗು ಹಾಕ್ತಿದ್ದೆ. ನಗತೀರಿ? ನಗರಿ, ನಾನೂ ನಗತಿದ್ದೆ, ಇಳದ ಮ್ಯಾಲೆ ಅಳತಿದ್ದೆ.

ಉಣಸೋದಂದ್ರ ಹೆಂಗ, ಹೇಳ್ತೀನಿ ಕೇಳ್ರಿ. ನಮ್ಮತ್ತಿ, ಅಂದ್ರ ನಿಮ್ಮ ಅಜ್ಜನ ಅವ್ವ, ಅಂವನ ಕಾಲು ಹಿಡಕೊಳ್ಳೋರು, ನಾ ಒಂದು ಕೈಲೆ ಅಂವನ ಎರಡೂ ಕೈ ಒತ್ತಿ ಹಿಡದು ಇನ್ನೊಂದು ಕೈಲೆ ಚಮಚಾ ತುರಕಾಕಿ. ಒಂದು ತುತ್ತು ಒಳಗ ಹೋಗೂತ್ಲೆ ಗಂಟಲಕ್ಕ ಸಿಕ್ಕು ಕೆಮ್ಮಾಂವ, ಕೆಮ್ಮಿದ್ರ ವಾಂತಿ, ಒಳಗಿದ್ದದ್ದೂ ಹೊರಗ. ಮೈ ತೊಳದು, ನೆಲ ವರಸಿ, ಮತ್ತ ಗಂಜಿ ಕಾಸೂದು, ಮುಂಜಾನಿ ಚಾಲೂ ಮಾಡಿದ್ರ ಹೊತ್ತು ಮುಣಗೂತನಾ ಇದ ದಂಧೆ. ಸಲಹಾ ಕೊಡೋರಿಗೇನು ಬರಾ ಇದ್ದಿಲ್ಲ. ಗುಲಬರ್ಗಾದಿಂದ ಬಂದಾಕಿ ಜ್ವಾಳದ ಅಂಬಲಿ ಕುಡಸು ಅನ್ನಾಕಿ, ಇಲ್ಲಿಯಾಕಿ ಬ್ಯಾಳಿ ಅಕ್ಕಿ ಹುರದು ಉಗ್ಗು ಮಾಡು ಅನ್ನಾಕಿ, ನಮ್ಮತ್ತಿ ಅಂತೂ, "ನಿನ್ನ ಕೈಯಾಗ ರುಚಿ ಇಲ್ಲವ್ವಾ, ಅದಕ್ಕ ಕೂಸು ಬಾಯಿ ತೆರ್ಯಾಂಗಿಲ್ಲ." ಅದ ಕೈಲೆ ಮಾಡಿದ್ದನ್ನ ನಿಮ್ಮಪ್ಪ ಗಪಗಪ ತಿಂದು ಹುಣಸಿ ಬಡ್ಡಿಗತೆ ಆಗಿದ್ದ, ಅದು ಅವರಿಗೆ ಕಾಣ್ತಿದ್ದಿಲ್ಲ.

ಆದ್ರ ನಾ ಹೇಳಾಕ ಹೊಂಟದ್ದು ಅದಲ್ಲ. ಶಿವು ನನ್ನ ಕಂಡ್ರ ಮಾರಿ ಗ್ವಾಡಿ ಕಡೆ ತಿರುಗಿಸಿಕೊಳ್ಳಾಂವ. ಬರೇ ಗಂಜಿ ತಂದಾಗಲ್ಲ, ಯಾವಾಗಲೂ. ಕೂದಲಾ ಸವರಾಕ ಕೈ ಎತ್ತಿದ್ರ ಬಾಯಿ ಬಿಗೀ ಹಿಡದು ಎರಡೂ ಕೈ ಅಡ್ಡಾ ಇಟಗೊಳ್ಳಾಂವ. ಮೈ ಬೆಳೀಲಿಲ್ಲ ಅನ್ನೋದು ಹೆಂಗೋ ತಡಕೊಂಡೆ, ಇದನ್ನ ಮಾತ್ರ ತಡಕೊಳ್ಳಾಕ ಆಗ್ಲಿಲ್ಲ ನೋಡ್ರಿ. ಹಡದ ಕೂಸು ಅವ್ವನ ಕೈಗೆ ಅಂಜತೈತಿ ಅಂದ್ರ ಯಾರಿಗೆ ಹೇಳಬೇಕು?

ಬಾಜೂ ಮನ್ಯಾಗ ಒಬ್ಬಾಕಿ ಆಪಾ ಇದ್ಳು, ಉರ್ದುವಿನ್ಯಾಗ ಅಕ್ಕ ಅಂದಂಗ, ಭಾಳ ಛಲೋ ಹೆಣಮಗಳು, ಬಂದಾಗೊಮ್ಮೆ ಖೀರಿಂದು ಬಟ್ಟಲಾ ಹಿಡಕೊಂಡ ಬರಾಕಿ. ಆಕೀ ಕಂಡ್ರೂ ಶಿವು ಕಿಟಾರ್ನೆ ಚೀರಾಂವ. ರಂಜಾನ್ ಬಂತು. ಆಕೀ ರೋಜಾ ಹಿಡದಿದ್ಳು, ಹಗಲೆಲ್ಲಾ ಉಪಾಸ, ಒಲಿ ಹಚ್ಚಿದ್ದಿಲ್ಲ, ಹಿಂಗ ಸುಮ್ಕ ಕೈ ಬೀಸಿಕೋತ ಬಂದು ಬಾಗಲದಾಗ ಕೂತ್ಳು, ನಾ ಅರಿವಿ ಮಡಚಾಕತ್ತಿದ್ದೆ. ನೋಡತೀನಿ, ಶಿವು ತೆವಳಕೋತ ಹೋಗಿ ಆಕೀ ತೊಡಿ ಹತ್ತಿ ಕೂತಾನ! ಆಕೀ ಬಳಿ ಜೋಡಿ ಆಡಾಕತ್ತಾನ! ಆಕೀಗೂ ಗಾಬರಿ, "ಅರೆ, ಆಜ್ ತೋ ಮೈ ಕುಚ್ ಲಾಯೀಚ್ ನೈ!" ಅಂದ್ಳು, ಇವತ್ತ ನಾ ಏನೂ ತಂದೇ ಇಲ್ಲಲಾ ಅಂತ. ಏನೂ ತರಲಾರದ್ದಕ್ಕ ಬಂದಾನ ಅಂತ ನಂಗ ಆವಾಗ ತಿಳೀತು. ಆಕೀ ಮ್ಯಾಲೆ ಹೊಟ್ಟಿಕಿಚ್ಚು ಬಂತು, ಖರೇನ ಹೇಳ್ತೀನಿ, ಎದ್ದು ಒಳಗ ಹೋದೆ.

ಡಾಕ್ಟರಮ್ಮ ಮೊದಲಿಂದ ಹೇಳಾಕತ್ತಿದ್ಳು, ಹೊಟ್ಟಿಗೆ ಒಂದು ನಳಿ ಕೂಡಸೋಣ, ಅದರಾಗ ಹಾಲು ಗಂಜಿ ಹಾಕಿದ್ರಾತು, ಬಾಯಿಗೆ ಜುಲುಮಿ ಬ್ಯಾಡ ಅಂತ. ನಾವು ಒಪ್ಪಿದ್ದಿಲ್ಲ. ಈಗ ನಾ ಒಪ್ಪಿದೆ, ಮನ್ಯಾಗ ರಣರಂಗ ಆತು. ಅತ್ತಿ ಎದಿ ಬಡಕೊಂಡು, "ಬಾಯಿ ಇದ್ದ ಕೂಸಿನ ಹೊಟ್ಟಿಗೆ ತೂತು ಹಾಕಸ್ತಿಯೇನ, ನೀ ತಾಯಿಯೇನ?" ಅಂದ್ರು. ನಿಮ್ಮ ಅಜ್ಜ ಒಳಗೊಂದು ಹೊರಗೊಂದು ಕಾಲು, "ಇನ್ನೊಂದೀಟು ದಿನಾ ನೋಡೋಣೇನ?" ಅಂದ್ರು. "ಏನ ನೋಡೋದೈತ್ರಿ?" ಅಂದೆ ನಾ, "ಅಂವಗ ಚಮಚಾ ಹಿಡಿಯೋರು ಭಾಳ ಮಂದಿ ಅದಾರ, ಅವ್ವ ಒಬ್ಬಾಕೀನೂ ಇಲ್ಲ." ಅತ್ತಿ ನನ್ನ ಜೋಡಿ ಮಾತು ಬಿಟ್ರು, ಬಿಡಲಿ. ಇದರಿಂದ ಬೆಳೀತಾನೇನ್ರಿ ಅಂತ ಡಾಕ್ಟರಮ್ಮನ್ನ ಕೇಳಿದೆ. ಆಕೀ ಸುಳ್ಳು ಹೇಳಲಿಲ್ಲ, ಇಲ್ಲ ಅಂತ ತಲಿ ಅಲ್ಲಾಡಿಸಿದ್ಳು.

ನಳಿ ಕೂಡಸಿದ್ರು. ಗಂಜಿ ಸೋಸಿ ಸೋಸಿ ಹಾಕೋದು, ಅಂವ ಆಟಿಗಿ ಲಾರಿ ದಬ್ಬಿಕೋತ ಕೂತಿರಾಂವ, ನನ್ನ ಕಡೆ ನೋಡ್ತಿದ್ದಿಲ್ಲ. ಭಾಳ ದಿನಾ ನೋಡಲಿಲ್ಲ. ನಾ ಆಸೇ ಬಿಟ್ಟಿದ್ದೆ. ಒಂದಿನ ಮಧ್ಯಾಹ್ನ ಸುಮ್ಕ ಚಾಪಿ ಮ್ಯಾಲೆ ಕೂತೀನಿ, ಹಂಗ ತೆವಳಕೋತ ಬಂದ. ನನ್ನ ಕೈ ಹಿಡದು ಅಂಗೈ ತಿರುವಿ ನೋಡಿದ. ಇನ್ನೊಂದು ಕೈಯಿಂದೂ ಬೆರಳು ಒಂದೊಂದ ಬಿಡಿಸಿ ನೋಡಿದ. ಮೂಸಿ ನೋಡಿದ. ಏನೂ ಇಲ್ಲ ಅಂತ ಖಾತ್ರಿ ಆದ ಮ್ಯಾಲೆ ಅದರಾಗ ಗಲ್ಲ ಇಟ್ಟ. ನಾ ಅಲ್ಲಾಡಲಿಲ್ಲ, ತೊಡಿ ಜೋಮು ಹಿಡದ್ರೂ ಅಲ್ಲಾಡಲಿಲ್ಲ.

ಬೆಳದನೇನಜ್ಜಿ ಅಂತ ಕೇಳಬ್ಯಾಡ್ರಿ, ಬೆಳೀಲಿಲ್ಲ. ನಿಮ್ಮಪ್ಪ ಸಾಲಿಗೆ ಹಾಕ್ಕೊಂಡು ಬಿಟ್ಟ ಅಂಗಿ ಅಂವಗ ಕಡೀಗೂ ದೊಡ್ಡವ ಆದ್ವು. ಎದ್ಯಾಗ ಕಫಾ ತುಂಬತಿತ್ತು, ಇಳೀತಿತ್ತು, ಮತ್ತ ತುಂಬತಿತ್ತು, ಒಂದು ಥಂಡಿಗಾಲದಾಗ ಇಳೀಲಿಲ್ಲ, ಹೋದ. ಇಷ್ಟೆಲ್ಲಾ ಮಾಡಿ ಉಳಿಸಿಕೊಂಡೇನು ಅಂದ್ರ ಇಲ್ಲ. ದೇವರು ಒಳ್ಳೇದಕ್ಕ ಮಾಡ್ಯಾನ ಅಂತ ಹೇಳಾಕ ಬಂದೋರನ್ನ ನಾ ಬಾಗಲದಾಗ ನಿಂದರಿಸಿ ಕಳಿಸೀನಿ. ಇವತ್ತಿಗೂ ನಂಗ ಸಮಾಧಾನ ಅನ್ನೋದಿಲ್ಲ, ನಾ ಯಾಕ ಸುಳ್ಳು ಹೇಳ್ಲಿ ನಿಮಗ.

ಕೂಸಿದ್ದ ಮನಿಗೆ ಖಾಲಿ ಕೈಲೆ ಹೋಗಬಾರದು ಅಂತ ನಮ್ಮವ್ವ ನಂಗ ಕಲಿಸಿದ್ಳು, ನಾ ನಿಮ್ಮಪ್ಪಗ ಕಲಿಸಿದೆ. ಒಯ್ಯಿರಿ, ಬಾಳಿಹಣ್ಣು ಬಿಸ್ಕೂಟು ಏನ ಬೇಕಾದ್ದು ಒಯ್ಯಿರಿ, ಬ್ಯಾಡ ಅನ್ನಂಗಿಲ್ಲ. ಆದ್ರ ಅದನ್ನ ಬಾಗಲದ ಬಾಜೂಕ ಇಟ್ಟು, ಕೂಸಿನ ಕಡೆ ಖಾಲಿ ಕೈಲೆ ಹೋಗ್ರಿ.