ಬಾವಿಯ ಬಳಿ ಕೆಮ್ಮಿದ ಹಸು

ನಗೋದಾದರೆ ಈಗಲೇ ನಕ್ಕುಬಿಡಿ, ನಡುವೆ ಬಾಯಿ ಹಾಕಬೇಡಿ. ಇದು ನಮ್ಮ ಚಿಕ್ಕಪ್ಪನ ಮಗನಿಗೇ ಆಗಿದ್ದು. ದನದ ಡಾಕ್ಟರು ಅವನು. ದೆವ್ವ ಅಂದರೆ "ಅದಕ್ಕೆಷ್ಟು ಹಲ್ಲು, ಏನು ಮೇವು?" ಅಂತ ಕೇಳೋ ಆಸಾಮಿ.

ಅವತ್ತು ಕತ್ತಲಾದ ಮೇಲೆ ಒಬ್ಬನೇ ಮನೆಗೆ ನಡೆದು ಬರುತ್ತಿದ್ದ. ಹಾಲು ಮಾರುವ ಹೆಂಗಸೊಬ್ಬಳ ಕೊಟ್ಟಿಗೆಯಲ್ಲಿ ಸತ್ತ ಹಸುವನ್ನು ಕೊಯ್ದು ನೋಡಿ ಹೊರಟಿದ್ದ. ದಾರಿಯಲ್ಲಿ ಒಂದು ಹಾಳುಬಾವಿ. ಅದನ್ನು ದಾಟಿದ... ಹಿಂದಿನಿಂದ ಸದ್ದು.

ಗೊರ್... ಗೊರ್... ಖಕ್.

ನಿಂತ. ಕಪ್ಪೆ ಇರಬೇಕು ಅಂದುಕೊಂಡ. ಆದರೆ ಅವನ ಕಿವಿಗೆ ಮೋಸ ಮಾಡೋದು ಕಷ್ಟ. ಇದು ಹಸಿಕೆಮ್ಮು. ಅದೂ ಹಸುವಿನದು, ಕತ್ತು ಚಾಚಿ, ನಾಲಿಗೆ ಹೊರಗೆ ಹಾಕಿ ಕೆಮ್ಮುವಂಥದ್ದು. ಸುತ್ತ ನೋಡಿದರೆ ನರಪಿಳ್ಳೆ ಇಲ್ಲ, ಹಸುವೂ ಇಲ್ಲ.

ಖಕ್!

ಈ ಸಲ ಬೆನ್ನ ಹಿಂದೆಯೇ. ಬಿಸಿ ಉಸಿರು ತಾಕಿತು. ಕತ್ತಿಗೆ ಏನೋ ಸಿಡಿಯಿತು. ಕೈಯಲ್ಲಿ ಕತ್ತು ಒರೆಸಿಕೊಂಡ. ಜಿಡ್ಡು. ಬೆರಳನ್ನು ಮೂಗಿಗೆ ಹಿಡಿದ... ಎಣ್ಣೆ.

ಆಗ ಕೊಟ್ಟಿಗೆಯಲ್ಲಿ ಕಂಡದ್ದೆಲ್ಲ ಕಣ್ಣಮುಂದೆ ಬಂತು. ಎದೆಗೂಡು ಬಿಡಿಸಿದಾಗ ಶ್ವಾಸಕೋಶ ಗಾಳಿ ಬಿಟ್ಟು ಕುಗ್ಗಬೇಕಿತ್ತು, ಕುಗ್ಗಿರಲಿಲ್ಲ. ಮುಂದಿನ ಕೆಳಭಾಗ ಕರಿಗೆಂಪಾಗಿ, ಮುಟ್ಟಿದರೆ ಗಟ್ಟಿ. ಒಂದು ತುಂಡು ಕತ್ತರಿಸಿ ನೀರಿನ ಬಕೆಟ್ಟಿಗೆ ಹಾಕಿದ್ದ. ಗಾಳಿಯಿರುವ ಶ್ವಾಸಕೋಶ ತೇಲುತ್ತದೆ. ಇದು ಕಲ್ಲಿನ ಹಾಗೆ ತಳ ಸೇರಿತ್ತು. "ನ್ಯುಮೋನಿಯಾ ಅಕ್ಕ, ಸೋಂಕು ತಗುಲಿದೆ," ಅಂದುಬಿಟ್ಟಿದ್ದ. ಗಂಟಲಿನಿಂದ ಶ್ವಾಸಕೋಶದವರೆಗೆ ಉಸಿರುನಾಳವನ್ನು ಸೀಳಿ ನೋಡೋದು ಅವರ ಕೆಲಸದ ಕ್ರಮ. ಟಾರ್ಚು ಮಂಕಾಗುತ್ತಿತ್ತು, ಹೊಟ್ಟೆ ಚುರುಗುಟ್ಟುತ್ತಿತ್ತು. ಉಸಿರುನಾಳ ಮುಟ್ಟದೆ ಕೈ ತೊಳೆದುಕೊಂಡಿದ್ದ.

ಹೊಟ್ಟೆಯುಬ್ಬರಕ್ಕೆ ಎಣ್ಣೆ ಕುಡಿಸುವಾಗ ತಲೆ ಮೇಲೆತ್ತಿ ನಾಲಿಗೆ ಹಿಡಿದೆಳೆದರೆ ಹಸುವಿಗೆ ನುಂಗಲಾಗುವುದಿಲ್ಲ, ಎಣ್ಣೆ ನೇರ ಶ್ವಾಸಕೋಶಕ್ಕೆ ಇಳಿಯುತ್ತದೆ. ಆಕೆ ಏನಾದರೂ ಕುಡಿಸಿದ್ದಳಾ? ಇವನು ಕೇಳಿರಲೇ ಇಲ್ಲ. ಕೊಟ್ಟಿಗೆಯಲ್ಲಿ ಇನ್ನೊಂದಿತ್ತು. ಸತ್ತ ಹಸುವಿನದೇ ಮಗಳು, ಗಬ್ಬದ ಕಡಸು. ಆಕೆಗೆ ಉಳಿದಿದ್ದು ಅದೊಂದೇ. ಇವನು ಹೊರಡುವಾಗ ಅದು ಹಸಿ ಮೇವನ್ನು ಗಬಗಬ ತಿನ್ನುತ್ತಿತ್ತು. ಹಾಗೆ ತಿಂದರೆ ಹೊಟ್ಟೆ ಉಬ್ಬುತ್ತೆ, ಆಕೆ ಇದಕ್ಕೂ ಎಣ್ಣೆ ಕುಡಿಸಿಬಿಟ್ಟರೆ?

ಗೊರ್... ಗೊರ್...

ಕಾಲಿಗೆ ಬುದ್ಧಿ ಹೇಳಿದ. ಮನೆ ಕಡೆಗಲ್ಲ, ಕೊಟ್ಟಿಗೆ ಕಡೆಗೆ! ಪಕ್ಕದಲ್ಲೇ ಗೊರಸಿನ ಸದ್ದು... ಟಪ್, ಟಪ್, ಟಪ್. ತಿರುಗಿ ನೋಡುವ ಧೈರ್ಯ ಬರಲಿಲ್ಲ. ಕೊಟ್ಟಿಗೆಯ ಬಾಗಿಲಲ್ಲಿ ಅವನು ನಿಂತ, ಅದೂ ನಿಂತಿತು.

ಒಳಗೆ ಕಡಸಿನ ಎಡಹೊಟ್ಟೆ ತಮಟೆಯಂತೆ ಉಬ್ಬಿತ್ತು. ಆಕೆ ಅದರ ತಲೆಯನ್ನು ತೊಲೆಗೆ ಎತ್ತಿ ಕಟ್ಟಿದ್ದಳು. ಒಂದು ಕೈಯಲ್ಲಿ ನಾಲಿಗೆ, ಇನ್ನೊಂದು ಕೈಯಲ್ಲಿ ಬಾಟಲಿ.

"ಬಿಡಿ ಅಕ್ಕ!" ಅಂತ ಕೂಗುತ್ತಾ ಒಳಗೆ ನುಗ್ಗಿದ.

"ಹೊಟ್ಟೆ ಉಬ್ಬಿದೆ ಡಾಕ್ಟ್ರೇ."

"ದೊಡ್ಡದಕ್ಕೂ ಹೀಗೇ ಕುಡಿಸಿದ್ರಾ?"

"ಹೂಂ. ಮೊನ್ನೆ. ಆಮೇಲೇ... ಕೆಮ್ಮು ಶುರುವಾಗಿದ್ದು."

ಬಾಟಲಿ ಕಿತ್ತುಕೊಂಡು ತಲೆಯ ಹಗ್ಗ ಬಿಚ್ಚಿದ. ಚೀಲದಿಂದ ರಬ್ಬರ್ ಕೊಳವೆ ತೆಗೆದು, ಉಸಿರಿನ ದಾರಿಗೆ ಹೋಗದಂತೆ ನೋಡಿಕೊಂಡು ನಿಧಾನವಾಗಿ ಹೊಟ್ಟೆಗೆ ಇಳಿಸಿದ. ಬುಸ್ಸ್... ಗಾಳಿ ಹೊರಬಂತು. ಹೊಟ್ಟೆ ಇಳಿಯಿತು. ಕಡಸು ಬಾಲ ಬೀಸಿತು.

ಆಮೇಲೆ ಸತ್ತ ಹಸುವಿನ ಉಸಿರುನಾಳವನ್ನು ಸೀಳಿದ. ನೊರೆಯ ನಡುವೆ ಎಣ್ಣೆ ಹೊಳೆಯುತ್ತಿತ್ತು. ಅವನ ಕತ್ತಿಗೆ ಅಂಟಿದ್ದ ಅದೇ ವಾಸನೆ.

ಆಕೆ ಕುಸಿದು ಕೂತಳು. "ಉಳಿಸೋಕೆ ಅಂತ ಕುಡಿಸಿದ್ದು... ನನ್ನ ಕೈಯಾರೆ..."

"ನಿಮಗೆ ಗೊತ್ತಿರಲಿಲ್ಲ ಅಕ್ಕ. ನನಗೆ ಗೊತ್ತಿದ್ದೂ ನೋಡಲಿಲ್ಲ."

"ಮತ್ತೆ ಯಾಕೆ ವಾಪಸ್ ಬಂದ್ರಿ?"

ಅವನು ಬಾಗಿಲ ಕಡೆ ನೋಡಿದ. ಅಲ್ಲಿ ಏನೂ ಇರಲಿಲ್ಲ. ಕಡಸು ಮಾತ್ರ ಕಿವಿ ನಿಮಿರಿಸಿ ಅದೇ ಬಾಗಿಲನ್ನು ದಿಟ್ಟಿಸುತ್ತಿತ್ತು.

ಹೊರಡುವ ಮುಂಚೆ ಬಕೆಟ್ಟಿನ ನೀರು ಚೆಲ್ಲಲು ಬಗ್ಗಿದ. ಆಕೆ ಟಾರ್ಚು ಹಿಡಿದಳು. ತಳ ಸೇರಿದ್ದ ತುಂಡು... ಮೇಲೆ ತೇಲುತ್ತಿತ್ತು.

ಕೊಳೆತರೆ ತೇಲುತ್ತೆ ಅಂತ ಜಾಣತನ ತೋರಿಸಬೇಡಿ. ಅಷ್ಟು ಬೇಗ ಏನು ಕೊಳೆಯುತ್ತೆ? ಅವನಿಗೂ ಅನುಮಾನ ಬಂದು ಬೆರಳಲ್ಲಿ ಒತ್ತಿ ನೋಡಿದ. ಗಟ್ಟಿ ಇರಲಿಲ್ಲ, ಮೆತ್ತಗಿತ್ತು. ಕರಿಗೆಂಪು ಹೋಗಿ ತಿಳಿಗುಲಾಬಿ ಬಣ್ಣ ಬಂದಿತ್ತು. ನನ್ನನ್ನು ನಂಬದಿದ್ದರೆ ಹೋಗಿ ಆ ಹಾಲಿನ ಹೆಂಗಸನ್ನೇ ಕೇಳಿ, ಅವಳೂ ನೋಡಿದ್ದಾಳೆ. ಬೆರಳು ತೆಗೆದ ಮೇಲೂ ಆ ತುಂಡು ಉಬ್ಬುತ್ತಿತ್ತು... ಇಳಿಯುತ್ತಿತ್ತು.