ತೊಡೆ ಮೇಲಿನ ಪಟ್ಟಿ

ಆಸ್ಪತ್ರೆಯಲ್ಲಿ ಲಿಫ್ಟಿಗೆ ಕಾಯುತ್ತಿದ್ದೆ. ಪಕ್ಕದಲ್ಲಿ ಒಬ್ಬ ದರ್ಜಿ ಅಜ್ಜಿ, ಅಳತೆ ಟೇಪು ಇನ್ನೂ ಕೊರಳಲ್ಲೇ ಇತ್ತು. ಜೊತೆಗೆ ಮಗಳು.

"ಗಡ್ಡೆ ಇರೋದು ಮಗೂನ ಲಿವರಲ್ಲಿ. ಪಟ್ಟಿ ಯಾಕೆ ತೊಡೆ ಮೇಲೆ?"

"ಅಲ್ಲಿಂದಾನೇ ರಕ್ತನಾಳದೊಳಗೆ ಸಣ್ಣ ನಳಿಕೆ ತೂರಿಸಿ, ಸ್ಕ್ರೀನ್ ನೋಡ್ಕೊಂಡು ಗಡ್ಡೆಗೆ ಔಷಧಿ ಬಿಟ್ಟಿದಾರಮ್ಮ."

"ನನ್ನ ಕಿವಿ ಮೇಲೆ ಹೂವಿಡಬೇಡ. ಹೊದಿಕೆ ಎತ್ತಿ ನೋಡಿದೀನಿ, ಹೊಟ್ಟೆ ಮೇಲೆ ಒಂದು ಹೊಲಿಗೇನೂ ಇಲ್ಲ. ಬಿಚ್ಚದೆ ಒಳಗಿಂದು ಸರಿಹೋಗುತ್ತಾ?"

"ಲಂಗಕ್ಕೆ ಲಾಡಿ ಹಾಕೋವಾಗ ನೀನು ಹೊಲಿಗೆ ಬಿಚ್ತೀಯಾ? ಪಿನ್ನಿಗೆ ಸಿಕ್ಕಿಸಿ ಒಂದೇ ತೂತಿಂದ ತೂರಿಸ್ತೀಯಲ್ಲ?"

ಮೇಲೆ ಹೋಗುವ ಲಿಫ್ಟ್ ಬಂತು, ಇಬ್ಬರೂ ಹತ್ತಿದರು; ನಾನು ಕೆಳಗೆ ಹೋಗಬೇಕಿತ್ತು. ಬಾಗಿಲು ಮುಚ್ಚುವಾಗ ಮತ್ತೆ ಅಜ್ಜಿಯ ದನಿ:

"ಪಿನ್ನು ವಾಪಸ್ ಬಂತಾ ಅಂತ ಕೇಳಿದ್ಯಾ?"